ನಾಲ್ಕು ಬೈಟಿನ ಅಲಾರಂ

ಅಕ್ಕನ ವಿಚಾರಣೆ ಮೂರು ಗಂಟೆಗೆ. ಆಗಲೇ ಒಂದಾಗಿತ್ತು. ನಾನು ರಕ್ತನಿಧಿಯ ಹಿಂದಿನ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದೆ.

ಭಾನುವಾರ ಫ್ರಿಜ್ ಕೆಟ್ಟು ನಲವತ್ತು ಚೀಲ ರಕ್ತ ಹಾಳಾಗಿತ್ತು. ಪಾಳಿಯಲ್ಲಿದ್ದವಳು ಅಕ್ಕ. ಅಲಾರಂ ಹೊಡೆಯಲೇ ಇಲ್ಲ ಎಂದು ಅವಳು. ಹೊಡೆದದ್ದನ್ನು ನಿಲ್ಲಿಸಿ ಎದ್ದುಹೋಗಿದ್ದಾಳೆ ಎಂದು ಮೇಲ್ವಿಚಾರಕರು. ಅವರ ಮಾತೇ ನಿಂತರೆ ಅವಳ ಕೆಲಸ ಹೋಗುತ್ತದೆ. ಫ್ರಿಜ್ಜಿನ ತಾಪಮಾನ ಕಾಯುವ ಪ್ರೋಗ್ರಾಮನ್ನು ಹತ್ತು ವರ್ಷದ ಹಿಂದೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟವನು ನಾನು. ನಿಜ ಹೇಳಬೇಕಾದವನೂ ನಾನೇ.

ಹೇಳೋಣವೆಂದರೆ ನಾನು ಬರೆದ ಪ್ರೋಗ್ರಾಮಿನ ಮೂಲ ಬರಹವೇ ಇಲ್ಲ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವಾಗ ಅದನ್ನೂ ಗುಡಿಸಿ ಹಾಕಿದ ಜಾಣ ನಾನು. ಇಲ್ಲಿನ ಕಂಪ್ಯೂಟರಿನಲ್ಲಿ ಉಳಿದದ್ದು ಕಂಪೈಲ್ ಆದ ಫೈಲು ಮಾತ್ರ. ಅದು ಯಂತ್ರ ಓದುವ ಬೈಟುಗಳ ಸಾಲು, ಮನುಷ್ಯರಿಗೆ ಬರೀ ಅಂಕಿ. ಅದನ್ನು ಒಂದೊಂದೇ ಆದೇಶವಾಗಿ ಬಿಡಿಸಿ ತೋರಿಸುವ ಪುಟ್ಟ ಪ್ರೋಗ್ರಾಮು ಬರೆದೆ. ಒಂದು ಆದೇಶಕ್ಕೆ ಎರಡು ಬೈಟು, ಎರಡೆರಡಾಗಿ ಹೆಜ್ಜೆ ಹಾಕಿದರಾಯಿತು. ಬಂದದ್ದು ಮಾತ್ರ ತಲೆಬುಡವಿಲ್ಲದ ಅಸಂಬದ್ಧ. ಹತ್ತು ಸಲ ಓಡಿಸಿದರೂ ಅದೇ. ರೇಗಿಹೋಯಿತು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತು ಏನಾಯಿತೆಂದು ಮೂರನೇ ಸಲ ಕೇಳಿದಳು.

"ನಾನು ಬರೆದದ್ದು ಸರಿಯಾಗೇ ಇರುತ್ತೆ. ನೀನೇ ಗೊತ್ತಿಲ್ದೆ ನಿಲ್ಲಿಸಿರ್ತೀಯ, ನೆನಪು ಮಾಡ್ಕೋ" ಎಂದೆ.

ಅವಳು ಬಾಗಿಲು ಎಳೆದುಕೊಂಡು ಹೋದಳು.

ಎರಡು ಗಂಟೆಗೆ ಹೊಳೆಯಿತು. ಇಲ್ಲಿರುವುದು ಓಬೀರಾಯನ ಕಾಲದ ಪೈಥಾನ್. ಅದರಲ್ಲಿ ಕೆಲವು ಆದೇಶಕ್ಕೆ ಒಂದೇ ಬೈಟು, ಜೊತೆಗೊಂದು ಸಂಖ್ಯೆ ಬೇಕಾದವಕ್ಕೆ ಮೂರು. ನಾನೋ ಹಳೆಯದನ್ನು ಹೊಸದರ ಅಳತೆಯಲ್ಲಿ ಕತ್ತರಿಸುತ್ತ ಕೂತಿದ್ದೆ. ಇದರಲ್ಲೇ ಅನ್ನ ತಿನ್ನುವವನಿಗೆ ಇಷ್ಟೂ ಬುದ್ಧಿ ಬೇಡವೇ? ತಿದ್ದಿದೆ. ಈಗ ಎಲ್ಲವೂ ಸಾಲಾಗಿ ಬಂತು: ತಾಪಮಾನ ಓದು, ಆರು ಡಿಗ್ರಿಯೊಂದಿಗೆ ಹೋಲಿಸು, ಹೆಚ್ಚಿದ್ದರೆ ಅಲಾರಂ ಎಂಬ ಫಂಕ್ಷನ್ನನ್ನು, ಅಂದರೆ ಆ ಕೆಲಸಕ್ಕೆಂದೇ ಇಟ್ಟ ತುಣುಕನ್ನು, ಕರೆ. ನಾನು ಹೇಳಿದ್ದೇ ಸರಿ ಎಂದು ಬೀಗುತ್ತ ಆ ಫಂಕ್ಷನ್ನಿನ ಒಳಗಿಳಿದೆ.

ನಾಲ್ಕೇ ಬೈಟು. ನೂರು, ಒಂದು, ಸೊನ್ನೆ, ಎಂಬತ್ತಮೂರು. ಏನನ್ನೂ ಮಾಡದೆ ಬರಿಗೈಯಲ್ಲಿ ವಾಪಸು ಹೋಗು ಎಂದು ಅರ್ಥ. ಕಂಪೈಲ್ ಮಾಡಿದಾಗ ನಾವು ಬರೆದ ಟಿಪ್ಪಣಿಗಳು ಅಳಿಸಿಹೋಗುತ್ತವೆ, ಆದರೆ ಫಂಕ್ಷನ್ನಿನ ಮೊದಲ ಸಾಲಿನಲ್ಲಿಟ್ಟ ವಿವರಣೆ ಉಳಿಯುತ್ತದೆ. ಅಲ್ಲಿ ನನ್ನದೇ ಮಾತಿತ್ತು: "ಅಕ್ಕ ಕೇಳಿದ ಅಲಾರಂ. ನಾಳೆ ಬರೆಯಬೇಕು."

ಆ ನಾಳೆ ಹತ್ತು ವರ್ಷವಾದರೂ ಬಂದಿರಲಿಲ್ಲ. ಈ ಅಂಕಿಗಳನ್ನು ಓದಬಲ್ಲವರು ಆ ಕಟ್ಟಡದಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಮುಚ್ಚಿಹಾಕಿಬಿಡುವ ಯೋಚನೆಯೂ ಬಂದು ಹೋಯಿತು, ಸುಳ್ಳು ಯಾಕೆ ಹೇಳಲಿ. ಹಾಳೆಗೆ ಪ್ರಿಂಟ್ ತೆಗೆದುಕೊಂಡು ಹೊರಗೆ ಬಂದೆ. ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು.

"ಅಕ್ಕ, ಅಲಾರಂ ಹೊಡ್ದಿಲ್ಲ. ನಾನು ಅದನ್ನ ಬರ್ದೇ ಇಲ್ಲ."

ಅವಳು ನನ್ನನ್ನೇ ನೋಡಿದಳು. "ಹತ್ತು ವರ್ಷದಿಂದ ನೀನು ಮಾಡಿಕೊಟ್ಟಿದ್ದು ಕಾಯ್ತಾ ಇದೆ ಅಂತಾನೇ ನಾನು ನೆಮ್ಮದಿಯಾಗಿ ಊಟಕ್ಕೆ ಎದ್ದು ಹೋಗ್ತಿದ್ದೆ ಕಣೋ" ಎಂದಳು.

ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವಳನ್ನು ಅಲ್ಲೇ ಕೂರಲು ಹೇಳಿ, ಮೇಲ್ವಿಚಾರಕರ ಬಾಗಿಲನ್ನು ನಾನೇ ತಟ್ಟಿದೆ.