ಲಂಗಕ್ಕೆ ಕತ್ತರಿ ಬೀಳದ ದಿನ

ಗುಜರಿ ಶೆಡ್ಡಿನ ಹಿಂದಿನ ಓಣಿಯಲ್ಲಿ ಒಂದು ರೂಢಿ ಇತ್ತು. ಮನೆಗೆ ಹೊಸ ಕೂಸು ಬಂದರೆ, ಹಿರಿಯ ಹುಡುಗಿಯ ಶಾಲೆಯ ಲಂಗಕ್ಕೆ ಕತ್ತರಿ ಹಾಕಿ ಕೂಸಿಗೆ ಬಟ್ಟೆ ಮಾಡುವುದು. "ನಮ್ಮ ಹುಡುಗಿ ಅಕ್ಕ ಆದ್ಲು" ಎಂದು ಎಲ್ಲರೂ ಸಂತೋಷದಿಂದಲೇ ಹೇಳುತ್ತಿದ್ದರು. ಅಲ್ಲಿಗೆ ಅವಳ ಓದು ಮುಗಿಯಿತು. ಸೊಂಟಕ್ಕೆ ಕೂಸು ಏರಿತು.

ಆ ಶೆಡ್ಡಿನಲ್ಲಿ ಬಾಟಲಿ ವಿಂಗಡಿಸುವ ಒಬ್ಬ ತಾಯಿಯ ಲಂಗವೂ ಹಾಗೆಯೇ ಹೋಗಿತ್ತು. ಶಾಲೆಯಲ್ಲಿ ದೋಣಿಯ ಪದ್ಯ ಅರ್ಧ ಕಲಿತಿದ್ದಾಗ ತಮ್ಮ ಹುಟ್ಟಿದ. ಅಂದಿನಿಂದ ಆ ದೋಣಿ ಅವಳ ಬಾಯಲ್ಲಿ ನಡುನೀರಿನಲ್ಲೇ ನಿಂತಿತ್ತು. ಬಣ್ಣದ ಬಾಟಲಿ ಅತ್ತ, ಬಿಳಿಯದು ಇತ್ತ ಎಸೆಯುತ್ತ ಅಷ್ಟನ್ನೇ ಗುನುಗುತ್ತಿದ್ದಳು.

ಈಗ ಅವಳಿಗೆ ಗಂಡುಕೂಸು ಹುಟ್ಟಿ ತಿಂಗಳಾಗಿತ್ತು. ಮರುದಿನವೇ ಕೆಲಸಕ್ಕೆ ಮರಳಬೇಕು. ಗಾಜಿನ ಚೂರುಗಳ ನಡುವೆ ಕೂಸನ್ನು ಎಲ್ಲಿ ಮಲಗಿಸುವುದು? ಅತ್ತೆ ಕತ್ತರಿ ಹಿಡಿದು ಕೂತರು. ಕೇಳಿದ್ದನ್ನೆಲ್ಲ ಥಟ್ಟನೆ ಒಪ್ಪಿಸುವುದರಿಂದ ಗಿಣಿ ಎಂದೇ ಹೆಸರಾದ ಮಗಳು ಲಂಗವನ್ನು ಎದೆಗವಚಿ ಮೂಲೆಯಲ್ಲಿ ನಿಂತಿದ್ದಳು.

ಸುದ್ದಿ ತಿಳಿದು ಟೀಚರಮ್ಮ ಬಂದಿದ್ದರು. "ಅಜ್ಜಿ, ಕೂಸನ್ನೂ ಕಳಿಸಿ. ಶಾಲೆ ಜಗಲೀಲಿ ತೊಟ್ಟಿಲು ಕಟ್ಟೋಣ."

"ಅದೇನು ಶಾಲೆನಾ, ಹೆರಿಗೆ ಆಸ್ಪತ್ರೆನಾ?" ಅತ್ತೆ ನಕ್ಕರು. "ನಮ್ಮ ಹೆಣ್ಮಕ್ಕಳೆಲ್ಲ ಹೀಗೇ ಬೆಳೆದ್ವು. ಯಾರಾದ್ರೂ ಸತ್ತೋದ್ವಾ?"

"ಸಾಯಲಿಲ್ಲ. ಆದ್ರೆ ಔಷಧಿ ಸೀಸೆ ಮೇಲೆ ಏನು ಬರೆದಿದೆ ಅಂತ ಓದಿಸೋಕೆ ಮೊನ್ನೆ ಓಣಿಯೆಲ್ಲ ಸುತ್ತಿದ್ರಲ್ಲ?"

"ಸುತ್ತಿದ್ದಕ್ಕೇ ನನ್ನ ಕಾಲು ಇನ್ನೂ ಆಡ್ತಾ ಇರೋದು! ಕೊಡೇ ಲಂಗ."

ಗಿಣಿ ಅಳಲಿಲ್ಲ. ಲಂಗವನ್ನು ಅಂದವಾಗಿ ಮಡಿಸಿ ಮುಂದೆ ಹಿಡಿದಳು. ತಾಯಿ ಆ ಮಡಿಕೆಯನ್ನೇ ನೋಡಿದಳು. ತಾನೂ ಹೀಗೆಯೇ ಮಡಿಸಿ ಕೊಟ್ಟಿದ್ದಳು.

ಅವಳು ಎದ್ದು ಟ್ರಂಕು ತೆರೆದಳು. ತವರಿನವರು ಮದುವೆಗೆ ಕೊಟ್ಟ, ಒಮ್ಮೆಯೂ ಹೊದೆಯದ ಹತ್ತಿಯ ಹೊದಿಕೆ ತೆಗೆದಳು. ಅತ್ತೆಯ ಕೈಯಿಂದ ಕತ್ತರಿ ಕಸಿದು ಹೊದಿಕೆಯನ್ನು ನಡುವೆಯೇ ಸೀಳಿದಳು.

"ಬಟ್ಟೆ ತಾನೇ ಬೇಕು? ಇಗೊಳ್ಳಿ ಅತ್ತೆ. ಅವಳ ಲಂಗ ಮಾತ್ರ ಮುಟ್ಟಬೇಡಿ."

"ತಲೆ ನೆಟ್ಟಗಿದೆಯೇನೇ ನಿಂಗೆ?"

"ಇವತ್ತು ನೆಟ್ಟಗಾಯ್ತು."

ಮರುದಿನ ತೊಟ್ಟಿಲು ಶಾಲೆಯ ಜಗಲಿಗೆ ಬಂತು. ವಾರ ಕಳೆಯುವುದರೊಳಗೆ ಪಕ್ಕದ ಮನೆಯದೂ ಬಂತು, ಎದುರು ಮನೆಯದೂ ಬಂತು. ಲಂಗ ಕಳೆದುಕೊಂಡಿದ್ದ ಅಕ್ಕಂದಿರು ಮನೆಯ ಬಟ್ಟೆಯಲ್ಲೇ ಬಂದು ಕೂತರು. "ಈ ಶಾಲೆಯವರಿಗೆ ತೂಗೋಕೆ ಬರುತ್ತಾ?" ಎಂದು ತಪ್ಪು ಹುಡುಕಲು ಬಂದ ಅತ್ತೆ, ತೊಟ್ಟಿಲ ಹಗ್ಗ ಹಿಡಿದು ಅಲ್ಲೇ ಕೂತುಬಿಟ್ಟರು.

ಒಂದು ಮಧ್ಯಾಹ್ನ ತಾಯಿ ಹಾಲೂಡಿಸಲು ಓಡಿ ಬಂದಾಗ ಒಳಗೆ ಗಿಣಿ ಅದೇ ದೋಣಿಯ ಪದ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದಳು.

"ಮೆಲ್ಲಗೆ! ಕೂಸುಗಳು ಮಲಗಿವೆ" ಎಂದು ಅತ್ತೆ ಗದರಿದರು.

ಗಿಣಿ ಬೆದರಿ ನಿಲ್ಲಿಸಿದಳು, ಸರಿಯಾಗಿ ನಡುನೀರಿನಲ್ಲಿ. ಬಾಗಿಲಲ್ಲಿ ತಾಯಿಯೂ ನಿಂತಳು.

"ಮೆಲ್ಲಗೆ ಅಂದೆ, ನಿಲ್ಲಿಸು ಅಂದ್ನಾ?" ಅತ್ತೆ ಹಗ್ಗ ಜಗ್ಗಿದರು. "ಹೇಳೇ ಮುಂದೆ. ದೋಣಿ ಏನಾಯ್ತು?"

ಗಿಣಿ ಹೇಳಿದಳು. ಅಷ್ಟು ವರ್ಷಗಳ ಮೇಲೆ, ಹೊಸಿಲಲ್ಲಿ ನಿಂತ ಆ ತಾಯಿಯ ದೋಣಿ ದಡ ಮುಟ್ಟಿತು.