ಬಿಸಿಲಿಗೆ ತೆರೆದ ರೀಲು

ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಬೆಟ್ಟಿ ಬಗ್ಗಿ ಗಂಡನ ಟೈ ಸರಿಮಾಡಿದರು. ಮಗ ಕ್ಲೈವ್ ಅವರ ತೋಳು ಹಿಡಿದುಕೊಂಡಿದ್ದ. ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೆ ಬಂದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು.

ತೀರಿಕೊಂಡ ಆಸ್ವಾಲ್ಡ್‌ಗೆ ಅರವತ್ತೊಂಬತ್ತು. ಅಬುಧಾಬಿಯ ಆಸ್ಪತ್ರೆಯೊಂದರ ಕತ್ತಲೆಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಎಕ್ಸ್‌ರೇ ಫಿಲ್ಮ್ ತೊಳೆದವರು. ಅದಕ್ಕೂ ಮೊದಲು, ತುಳು ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಮಂಗಳೂರಿನಲ್ಲಿ ಎರಡು ಚಿತ್ರ ನಿರ್ದೇಶಿಸಿದ್ದರು. ಮೂರನೆಯದು ಮುಗಿಯಲಿಲ್ಲ. ಏಕೆಂಬುದನ್ನು, ಆಗ ಅವರ ಸಹಾಯಕರಾಗಿದ್ದ ಹ್ಯೂಬರ್ಟ್ ನಲವತ್ತು ವರ್ಷಗಳಿಂದ ಪಾರ್ಟಿಗಳಲ್ಲಿ ಹೇಳಿ ನಗಿಸುತ್ತ ಬಂದಿದ್ದರು. ಅಬುಧಾಬಿಯ ಈ ಸ್ಮಶಾನದ ಗೇಟಿನ ನೆರಳಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತವರಿಗೂ ಅದನ್ನೇ ಹೇಳಿದರು: ತೊಳೆಯಲು ಮದ್ರಾಸಿಗೆ ಹೋಗಬೇಕಿದ್ದ, ಬೆಳಕು ತಾಗಿದರೆ ಹಾಳಾಗುವ ಫಿಲ್ಮಿನ ಡಬ್ಬಿಗಳನ್ನು ಡೈರೆಕ್ಟರೇ ಹಾಡಹಗಲು ಬಿಸಿಲಿನಲ್ಲಿ ತೆರೆದಿದ್ದ.

"ಹನ್ನೊಂದು ದಿನದ ಶೂಟಿಂಗ್, ಖಲಾಸ್. ತಪ್ಪಿ ತೆರೆದೆ ಮಾರಾಯ ಅಂತ ಹೇಳಿದ, ಅಷ್ಟೇ."

ಆಮೇಲೆ ಯಾರೂ ಅವನಿಗೆ ಸಿನಿಮಾ ಕೊಡಲಿಲ್ಲ ಎಂದೂ ಸೇರಿಸಿದರು. ಒಂದಿಬ್ಬರು ಮೆಲ್ಲಗೆ ನಕ್ಕರು. ಕ್ಲೈವ್ ನೆಲ ನೋಡಿದ. ಶಾಲೆಗೆ ಹೋಗುತ್ತಿದ್ದಾಗಿನಿಂದ ಈ ಕತೆ ಕೇಳಿದರೆ ಅವನಿಗೆ ನಾಚಿಕೆಯಾಗುತ್ತಿತ್ತು.

"ತಪ್ಪಿ ತೆರೆದದ್ದಲ್ಲ ಅದು."

ಹೇಳಿದವರು ಬುರ್ಖಾ ಹಾಕಿದ್ದ ಅರವತ್ತರ ಹೆಂಗಸು, ಐಸಮ್ಮ. ಊರಿನವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ನೋಡಿ, ದುಬೈಯ ಮಿರ್ದಿಫ್‌ನಿಂದ ಸೊಸೆ ಹಲೀಮಳ ಕಾರಿನಲ್ಲಿ ಬಂದಿದ್ದರು. ಸತ್ತವರು ಹಳೆಯ ಪರಿಚಯ ಎಂದಷ್ಟೇ ಸೊಸೆಗೆ ಗೊತ್ತಿತ್ತು.

*

ಉಳ್ಳಾಲದಲ್ಲಿ ಬೀಡಿ ಕಟ್ಟುತ್ತಿದ್ದ ಐಸಮ್ಮ, ಹತ್ತೊಂಬತ್ತರ ಪ್ರಾಯದಲ್ಲಿ, ಬೇರೆ ಹೆಸರು ಇಟ್ಟುಕೊಂಡು ಮನೆಯವರಿಗೆ ತಿಳಿಯದಂತೆ ಆ ಚಿತ್ರದಲ್ಲಿ ನಟಿಸಿದ್ದಳು. ಹನ್ನೆರಡನೆಯ ದಿನ ಅಣ್ಣ ಅಲಿಕುಂಞಿಗೆ ಗೊತ್ತಾಯಿತು. ಅವಳ ಮದುವೆ ನಿಶ್ಚಯವಾಗಿತ್ತು; ಸಿನಿಮಾದಲ್ಲಿ ಅವಳ ಮುಖ ಕಂಡರೆ ಅದು ಮುರಿಯುತ್ತಿತ್ತು. ಅವನು ಜಗಳ ಮಾಡಲಿಲ್ಲ. ಶೂಟಿಂಗ್ ಮನೆಯ ಅಂಗಳದಲ್ಲಿ ಆಸ್ವಾಲ್ಡ್ ಎದುರು ನಿಂತು ಅತ್ತುಬಿಟ್ಟ.

ಏನು ಮಾಡಲಿ ಎಂದು ಆಸ್ವಾಲ್ಡ್ ಅವಳನ್ನೇ ಕೇಳಿದರು.

"ಈ ಮದುವೆ ತಪ್ಪಿದರೆ ನನ್ನ ಹೆತ್ತ ಉಮ್ಮ ಬದುಕುವುದಿಲ್ಲ ಪೊರ್ಬುಗಳೇ," ಎಂದಳು ಐಸಮ್ಮ, ಊರಿನಲ್ಲಿ ಕ್ರೈಸ್ತ ಗಂಡಸರನ್ನು ಕರೆಯುವ ಹಾಗೆ.

ಉಳಿದವರು ಊಟಕ್ಕೆ ಹೋಗಿದ್ದರು. ಆಸ್ವಾಲ್ಡ್ ಡಬ್ಬಿಗಳನ್ನು ಹೊರಗೆ ತಂದು, ಅಂಟುಪಟ್ಟಿ ಕಿತ್ತು, ಒಂದೊಂದಾಗಿ ಬಿಸಿಲಿಗೆ ತೆರೆದರು. ಕೊನೆಯದನ್ನು ತೆರೆಯುವ ಮುಂಚೆ ಅದನ್ನು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಹೋಗು. ತಪ್ಪಿ ತೆರೆದೆ ಅಂತ ಹೇಳ್ತೇನೆ."

*

ಐಸಮ್ಮ ಇಷ್ಟನ್ನೂ ನಿಂತಲ್ಲೇ ಹೇಳಿ ಮುಗಿಸಿದರು. ಹ್ಯೂಬರ್ಟ್ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದರು.

"ನನಗಾದರೂ ಹೇಳಬಹುದಿತ್ತಲ್ಲ ಅವನು."

"ನಿಮಗೆ ಹೇಳಿದರೆ ಊರಿಗೇ ಹೇಳಿದ ಹಾಗೆ," ಎಂದರು ಬೆಟ್ಟಿ. "ನನಗೇ ಹೇಳಲಿಲ್ಲ."

ಹಲೀಮ ಅತ್ತೆಯ ಹತ್ತಿರ ಬಂದು, ಇದು ಮನೆಯಲ್ಲಿ ಯಾರಿಗಾದರೂ ಗೊತ್ತುಂಟಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ನಿನ್ನ ಮಾವ ತೀರಿಹೋದರು. ಗೊತ್ತಿದ್ದ ನನ್ನ ಅಣ್ಣನೂ ಈಗ ಇಲ್ಲ," ಎಂದರು ಐಸಮ್ಮ. "ಈಗ ನಿನಗೆ ಗೊತ್ತಾಯಿತು."

ಬೆಟ್ಟಿ ಐಸಮ್ಮನ ಕೈ ಹಿಡಿದುಕೊಂಡರು. "ಆ ಸಿನಿಮಾದಲ್ಲಿ ನೀವು ಎಂತ ಮಾಡಿದ್ದು? ನಮಗೆ ಯಾರಿಗೂ ನೋಡಲಿಕ್ಕೆ ಸಿಗಲಿಲ್ಲ."

"ಹೆಚ್ಚೇನಿಲ್ಲ ಬಾಯಮ್ಮ. ಬಾವಿಯಿಂದ ನೀರು ತರುವುದು. ಅದನ್ನೇ ಒಂಬತ್ತು ಸಲ ಮಾಡಿಸಿದರು."

ಐಸಮ್ಮ ಕೈಚೀಲವನ್ನು ಸೊಸೆಗೆ ಕೊಟ್ಟು ಹತ್ತು ಹೆಜ್ಜೆ ಆಚೆ ಹೋಗಿ ತಿರುಗಿದರು. ಸೊಂಟದ ಮೇಲೆ ಇಲ್ಲದ ಕೊಡವನ್ನು ಎಡಗೈಯಿಂದ ಬಳಸಿ, ನೋಯುವ ಮೊಣಕಾಲುಗಳಲ್ಲಿ ಬೆಟ್ಟಿಯ ಕಡೆಗೆ ನಡೆದು ಬಂದರು. ನಡುವೆ ಒಮ್ಮೆ ನಿಂತು, ತುಳುಕಿದ ನೀರು ತಾಗದಂತೆ ಬುರ್ಖಾದ ಅಂಚನ್ನು ಮೇಲಕ್ಕೆತ್ತಿ ಹಿಡಿದರು.