ಪ್ರಣಿತಾಳ ಮೂರು ದಂಡು

ಎರಡು ಸಾವಿರದ ಮೂರರಲ್ಲಿ ಗೋಕಾಕದ ಸೈಬರ್ ಕೆಫೆಯೊಂದರಲ್ಲಿ ನಡೆದ ಕಂಪ್ಯೂಟರ್ ಆಟದಂಥ ಯುದ್ಧ ಕುರುಕ್ಷೇತ್ರದಲ್ಲೂ ನಡೆದಿಲ್ಲ. ಸೋತವರು ಮತ್ತೆ ಆ ಕೆಫೆಯ ಹೊಸ್ತಿಲು ತುಳಿಯುವಂತಿಲ್ಲ ಎಂಬುದು ಕರಾರು. ಇಡೀ ತಾಲೂಕಿನಲ್ಲಿ ಮೌಸ್ ಹಿಡಿದ ಒಬ್ಬಳೇ ಹುಡುಗಿಯಾದ ಪ್ರಣಿತಾ, ಆ ಹೊಸ್ತಿಲಿಗಾಗಿ ಮೂರು ಲೋಕ ಸುಡಲೂ ತಯಾರಿದ್ದಳು.

ಎದುರಾಳಿ ಗುರುರಾಜ ತನ್ನ ಸೈನ್ಯವನ್ನೆಲ್ಲ ಒಂದು ದ್ವೀಪದಲ್ಲಿ ಬಚ್ಚಿಟ್ಟು ಸುಮ್ಮನೆ ಹೊತ್ತು ಕಳೆಯುತ್ತಿದ್ದ. ಜೈನರ ಹುಡುಗಿ ಪ್ರಣಿತಾ ಸೂರ್ಯ ಮುಳುಗುವ ಮೊದಲು ಉಣ್ಣಲು ಎದ್ದು ಹೋಗಲೇಬೇಕು, ಎದ್ದರೆ ಸೋತಂತೆ ಎಂಬುದು ಅವನ ಹಂಚಿಕೆ.

"ಹೊತ್ತು ಮುಳುಗಾಕತ್ತೈತಿ ಅಕ್ಕಾರ. ಮನ್ಯಾಗ ತಾಟು ಹಾಕ್ಯಾರ, ಹೋಗ್ರಿ," ಎಂದು ಕಿಸಕ್ಕೆಂದ.

"ಇವತ್ತ ಚತುರ್ದಶಿ ಐತೋ ಶಾಣ್ಯಾ, ನಂದು ಉಪಾಸ. ನಾಳಿ ಮುಂಜಾನಿತನಾ ಕುಂಡ್ರತೇನಿ. ಬೇಕಾರ ನೀ ಉಂಡ ಬಾ."

ಗುರುರಾಜನ ಮುಖ ಸುಟ್ಟ ಬದನೆಕಾಯಿಯಾಯಿತು. ಅವನು ಕಾಯುತ್ತ ಕೂತ ಎರಡು ತಾಸಿನಲ್ಲಿ ಅವಳು ಸಮುದ್ರ ಕಾಣದಷ್ಟು ಹಡಗು, ಆಕಾಶ ಕಾಣದಷ್ಟು ವಿಮಾನ ಕಟ್ಟಿದ್ದಳು. ನಿಧಾನದ ಹಡಗುಗಳಲ್ಲಿ ಟ್ಯಾಂಕು ತುಂಬಿ ಮೊದಲೇ ಕಳಿಸಿದಳು. ಅವು ದಡ ಮುಟ್ಟುವ ಗಳಿಗೆಗೆ ಸರಿಯಾಗಿ ವಿಮಾನಗಳನ್ನು ಹಾರಿಸಿದಳು. ನೀರು, ನೆಲ, ಆಕಾಶ ಮೂರೂ ಕಡೆಯ ಏಟು ಒಂದೇ ಸಲ ಬಿದ್ದ ಸದ್ದಿಗೆ ಗೋಕಾಕದ ಜಲಪಾತವೇ ಗಪ್ಪಾಯಿತು.

"ಏಳ್ರಿ ಗುರುರಾಜಣ್ಣ, ಮನ್ಯಾಗ ತಾಟು ಹಾಕ್ಯಾರ," ಎಂದಳು ಪ್ರಣಿತಾ, ತಾನು ಮಾತ್ರ ಕುರ್ಚಿ ಬಿಡದೆ.